ಸಿಡಿಲೂರಿನ ನಗುಮೊಗ

"ಅವ್ವಾ, ನಮ್ಮೋರ್ನ ಕಳ್ಳ ಅಂತ ಕೂಡಾಕ್ಬುಟ್ಟವ್ರೆ ಕಣವ್ವ!"

ಜಿನನಾಥಪುರದಿಂದ ಎಂಟು ಮೈಲಿ ನಡೆದು ಬಂದಿದ್ದ ಪುಟ್ಟತಾಯಮ್ಮ ಕಮಲಾಕ್ಷಮ್ಮನವರ ಜಗುಲಿಯ ಮೇಲೆ ಕುಸಿದು ಕೂತು, ಕೊಟ್ಟ ನೀರನ್ನೂ ಮುಟ್ಟದೆ ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಗಳದಲ್ಲಿ ಕುದುರೆಗೆ ಹುರುಳಿ ತಿನ್ನಿಸುತ್ತಿದ್ದ ಜಟಕಾ ಚಂದ್ರಯ್ಯನ ಕಿವಿ ಕುದುರೆಯ ಕಿವಿಗಿಂತ ಮೊದಲು ನಿಮಿರಿತು. ಇವತ್ತು ಇನ್ನು ಬಾಡಿಗೆಗೆ ಹೋಗುವ ಮಾತಿಲ್ಲ ಎಂದು ಅವನಿಗೆ ಆಗಲೇ ಖಾತ್ರಿಯಾಯಿತು. ಅದರಿಂದ ಅವನಿಗೆ ಬೇಸರವೇನೂ ಆಗಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಇದು ಸಾವಿರದ ಒಂಬೈನೂರ ಮೂವತ್ತೊಂಬತ್ತರ ಮಾಘಮಾಸದ ಮಾತು. ಕಮಲಾಕ್ಷಮ್ಮ ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮ. ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಜನ ಹುಟ್ಟಿ ಮೊದಲು ಕಂಡ ಮುಖ ಅವರದೇ. ಕೆಲಸ ಬಿಟ್ಟ ಮೇಲೆ ಜನ ಅವರ ಬಳಿಗೆ ಬೇರೆ ಥರದ ಸಂಕಟ ಹೊತ್ತು ಬರತೊಡಗಿದರು: ಕಾಣೆಯಾದ ಎಮ್ಮೆ, ಕಳೆದ ಓಲೆ, ಯಾರು ಬರೆದರೋ ತಿಳಿಯದ ಕಾಗದ. "ಕೂಸು ಹೇಗೆ ಮಲಗಿದೆ ಅಂತ ಮುಟ್ಟಿ ನೋಡಿದರೆ ಗೊತ್ತಾಗುತ್ತೆ. ಆತುರಪಡಬಾರದು ಅಷ್ಟೆ" ಎನ್ನುವುದು ಅವರ ವರಸೆ. ಚಂದ್ರಯ್ಯ ಅವರ ಸಾರಥಿ. ತಾನೂ ಅರ್ಧ ಪತ್ತೇದಾರ ಎಂಬುದು ಅವನ ನಂಬಿಕೆ. ಆ ನಂಬಿಕೆ ಅದುವರೆಗೆ ಒಂದು ಸಲವೂ ನಿಜವಾಗಿರಲಿಲ್ಲ.

"ಮೊದಲು ನೀರು ಕುಡಿ. ಆಮೇಲೆ ಮೊದಲಿಂದ ಹೇಳು" ಎಂದರು ಕಮಲಾಕ್ಷಮ್ಮ.

ಪುಟ್ಟತಾಯಮ್ಮನ ಗಂಡ ದ್ಯಾವಯ್ಯ ಊರಿಗೆಲ್ಲ ಮಡಕೆ ಮಾಡಿಕೊಡುವವನು. ಹಿಂದಿನ ದಿನ ಮಧ್ಯಾಹ್ನ ಹಿತ್ತಾಳೆ ಪಾತ್ರೆಯ ಸಾಹುಕಾರ ಆದಿರಾಜಯ್ಯನವರ ಮನೆಯಲ್ಲಿ ಅವರ ತಮ್ಮ ಚಂದ್ರನಾಥ ದೀಪದ ಯಂತ್ರದಿಂದ ಗೋಡೆಯ ಮೇಲೆ ಚಿತ್ರ ತೋರಿಸಿದ್ದ. ದ್ಯಾವಯ್ಯನನ್ನೂ ಕರೆದಿದ್ದ. ಕತ್ತಲಲ್ಲಿ ಒಂದು ಮಣ್ಣಿನ ಮುಖವನ್ನು ಎಲ್ಲರೂ ಕೈಯಿಂದ ಕೈಗೆ ದಾಟಿಸಿ ಮುಟ್ಟಿ ನೋಡಿದ್ದರು. ಕಿಟಕಿ ತೆರೆದಾಗ ಮುಖ ಇರಲಿಲ್ಲ. ಕೊನೆಗೆ ಅದು ಹೋದದ್ದು ದ್ಯಾವಯ್ಯನ ಕೈಗೆ.

"ಸಾವ್ಕಾರ್ರು ಉಗ್ರಾಣದಾಗೆ ಕೂಡಿ ಬೀಗ ಜಡುದ್ಬುಟ್ರು. ಇವತ್ತು ಒತ್ತು ಮುಳ್ಗೋದ್ರೊಳ್ಗೆ ಮೂತಿ ಸಿಗ್ನಿಲ್ಲ ಅಂದ್ರೆ ಪೋಲೀಸ್ನೋರಿಗೆ ಇಡ್ಕೊಡ್ತಾರಂತೆ. ಇವ್ರು ನೋಡುದ್ರೆ ಬಾಯೇ ಬುಡಾಕಿಲ್ಲ. ಸಾವ್ಕಾರ್ರ ತಮ್ಮ ಚಂದ್ರಪ್ಪಾರು ಬಲೇ ಒಳ್ಳೇರು ಕಣವ್ವ. ಪರದೇಸದಿಂದ ಬಂದಾಗ್ನಿಂದ ನಮ್ಮ ಆವ್ಗೆ ತಾವ ಕುಂತು ಸುಮ್ನೆ ಬೆಂಕಿ ನೋಡ್ತಿರೋರು. ಮಡ್ಕೆ ಸುಟ್ಟು ಇಳ್ಸೋಗಂಟ ಕುಂತಿರೋರು. ಅಂತೋರ್ ವಸ್ತೂನ ನಮ್ಮೋರು ಮುಟ್ತಾರಾ?"

ಕಮಲಾಕ್ಷಮ್ಮ ಎದ್ದು ಚಪ್ಪಲಿ ಮೆಟ್ಟಿದರು. ಚಂದ್ರಯ್ಯ ಗಾಡಿ ಕಟ್ಟಿ ಆಗಿತ್ತು.

ದಾರಿಯುದ್ದಕ್ಕೂ ಚಂದ್ರಯ್ಯ ತನಗೆ ಗೊತ್ತಿದ್ದುದನ್ನೆಲ್ಲ ಹೇಳಿದ. ಐದು ವರ್ಷದ ಹಿಂದೆ ಜಿನನಾಥಪುರದ ಬಸದಿಯ ಗೋಡೆಯ ಶಿಲ್ಪಗಳನ್ನು ನೋಡಲು ಒಬ್ಬ ಪರದೇಶದ ವಿದ್ವಾಂಸ ಬಂದಿದ್ದ. ಅಲ್ಲಿ ಕೂತು ಚಿತ್ರ ಬರೆಯುತ್ತಿದ್ದ ಚಂದ್ರನಾಥನ ಕೈ ನೋಡಿ ಅವನನ್ನು ಕರೆದುಕೊಂಡು ಹೋದ. ಸಮುದ್ರ ದಾಟಿ ಮೆಕ್ಸಿಕೋ ಎಂಬ ದೇಶದಲ್ಲಿ, ಕಾಡು ಮುಚ್ಚಿದ ಒಂದು ಹಳೇ ಪಟ್ಟಣದ ಚಿತ್ರ ಬರೆಯುವ ಕೆಲಸ. ನಾಲ್ಕು ವರ್ಷದ ಮೇಲೆ ಚಂದ್ರನಾಥ ಒಂದು ಚೀಲ ಚಿತ್ರ ಹೊತ್ತು ವಾಪಸು ಬಂದ. ಊರಲ್ಲಿ ಒಬ್ಬರೂ ನಂಬಲಿಲ್ಲ.

"ಬೊಂಬಾಯ್ನಾಗೆ ಕುಂತ್ಕಂಡು ಬರ್ದವ್ನೆ ಅಂತ ಅವ್ರ ಅಣ್ಣಾರೇ ಅಂತಿದ್ರು ಕಣ್ರವ್ವ. ಆಮ್ಯಾಕೆ ಆ ಮೂತಿ ತೋರಿಸ್ದಾಗ ಎಲ್ರ ಬಾಯೂ ಮುಚ್ಚೋಯ್ತು. ಸ್ವಾಮಾರ ಮೈಸೂರ್ನಿಂದ ಅದ್ನ ನೋಡಾಕೆ ಪಂಡಿತ್ರು ಬತ್ತಾವ್ರೆ. ನಿಜ ಅಂತ ಅವ್ರಂದ್ರೆ ಚಂದ್ರಪ್ಪಾರ್ಗೆ ಅಲ್ಲೇ ಕೆಲ್ಸ."

"ಆ ಪಂಡಿತರು ಬರೋದು ಯಾವಾಗ ಗೊತ್ತಾಯ್ತು?"

"ನೆನ್ನೆ ಬೆಳಗ್ಗೆ ಕಾಗ್ದ ಬಂತಂತೆ. ಮದ್ಯಾನ್ದಾಗೆ ಮೂತಿ ಮಾಯ. ಯಾರ್ಗೋ ಒಟ್ಟೆ ಉರಿ ಕಣ್ರವ್ವ!"

ಆದಿರಾಜಯ್ಯನವರ ಮನೆಯ ಬಾಗಿಲಲ್ಲಿ ಚಂದ್ರನಾಥನೇ ಎದುರಾದ. ಮೂವತ್ತು ವರ್ಷದ ತೆಳ್ಳಗಿನ ಆಸಾಮಿ. ನಿದ್ದೆಗೆಟ್ಟ ಕಣ್ಣು. ಪಕ್ಕದ ಮನೆಯ ನುಗ್ಗೆಮರದಿಂದ ಇವರ ಅಂಗಳಕ್ಕೆ ಎರಡು ಕಾಯಿ ಬಿದ್ದಿದ್ದವು. ಚಂದ್ರಯ್ಯ ರಾತ್ರಿಯ ಸಾರನ್ನು ನೆನೆದು ಅವನ್ನು ಎತ್ತಿಕೊಂಡ. ಚಂದ್ರನಾಥ ಮೆಲ್ಲನೆ ಅವನ ಕೈಯಿಂದ ಕಾಯಿ ತೆಗೆದುಕೊಂಡು ಪಕ್ಕದವರ ಗೋಡೆಯ ಮೇಲಿಟ್ಟ.

"ಬಿದ್ದಿತ್ತಲ್ಲ ಸಾ!"

"ಬಿದ್ದರೂ ಅವರದೇ ಅಲ್ಲವಾ ಚಂದ್ರಯ್ಯ. ಅವರು ಕೊಟ್ಟರೆ ತಗೋ."

ಚಂದ್ರಯ್ಯನಿಗೆ ಮುಖಭಂಗವಾಯಿತು. ಕಮಲಾಕ್ಷಮ್ಮ ಮಾತ್ರ ಚಂದ್ರನಾಥನನ್ನು ಒಂದು ಗಳಿಗೆ ಹೆಚ್ಚೇ ನೋಡಿದರು.

ಒಳಗೆ ಆದಿರಾಜಯ್ಯ ಸಿಡಿಮಿಡಿಗೊಂಡೇ ಕೂತಿದ್ದರು. "ಯಾರೂ ಎದ್ದು ಹೋಗಿಲ್ಲ, ಬಾಗಿಲು ತೆಗೆದಿಲ್ಲ. ಕಿಟಕಿಗೆಲ್ಲ ಕಂಬಳಿ ಕಟ್ಟಿತ್ತು. ಪಡಸಾಲೆಯಲ್ಲಿ ಒಂದು ಮೂಲೆ ಬಿಟ್ಟಿಲ್ಲ ನರ್ಸಮ್ಮ. ಎಲ್ಲರ ಪಂಚೆ ಸೆರಗೂ ಕೊಡವಿಸಿದ್ದೀನಿ. ಹಾಳಾದವನು ಎಲ್ಲಿಟ್ಟನೋ!"

ಚಿತ್ರ ನೋಡಲು ಕೂತವರು ನಾಲ್ಕೇ ಜನ. ಮೊದಲು ಆದಿರಾಜಯ್ಯ, ಅವರ ಪಕ್ಕದಲ್ಲಿ ಸೋದರಮಾವನ ಮಗ ಬ್ರಹ್ಮದೇವ ಮೇಷ್ಟರು, ಆಮೇಲೆ ತಾಯಿ ಅನಂತಮ್ಮ, ಕೊನೆಗೆ ಹೊಸಲಿನ ಹತ್ತಿರ ದ್ಯಾವಯ್ಯ. ಹಿಂದುಗಡೆ ಯಂತ್ರದ ಬಳಿ ಚಂದ್ರನಾಥ.

ಬ್ರಹ್ಮದೇವ ಮೇಷ್ಟರು ಮೀಸೆಯಡಿಯಲ್ಲಿ ನಗುತ್ತ ಹೇಳಿದರು. "ನನಗೆ ಮೊದಲಿಂದ ಅನುಮಾನವೇ. ಯಾವುದೋ ಪುಸ್ತಕ ನೋಡಿ ಗಾಜಿನ ಮೇಲೆ ಬರೆದಿದ್ದಾನೆ. ತೋರಿಸಿದ ಗಾಜನ್ನು ಒಂದೊಂದಾಗಿ ಪೆಟ್ಟಿಗೆಗೆ ಟಕ್ ಟಕ್ ಅಂತ ಇಡುತ್ತಿದ್ದ. ಆ ಸದ್ದಿಗೆ ನನಗೆ ತೂಕಡಿಕೆ ಬಂತು. ಮುಖ ಕೈಗೆ ಬಂತು, ಅತ್ತೆಗೆ ಕೊಟ್ಟೆ."

ಚಂದ್ರಯ್ಯ ಮನಸ್ಸಿನಲ್ಲೇ ಮೇಷ್ಟರಿಗೆ ಬೇಡಿ ತೊಡಿಸಿದ. ಹೀಗೆ ನಗುವವನು ಒಳ್ಳೆಯವನಾಗಿರಲಾರ.

ಅನಂತಮ್ಮ ದನಿ ತಗ್ಗಿಸಿ ನುಡಿದರು. "ಸತ್ತುಹೋದವರ ಊರಿನ ವಸ್ತು ಮನೇಲಿ ಬೇಡ ಅಂತ ನಾನೇ ಹೇಳಿದ್ದೆ. ಆದರೆ ಕದ್ದಿಲ್ಲವಮ್ಮ. ದ್ಯಾವಯ್ಯನ ಮುಂದೆ ಇಟ್ಟೆ. ಅವನು ಬೆರಳ ಗಿಣ್ಣಿನಿಂದ ಅದನ್ನ ಒಂದು ಸಲ ತಟ್ಟಿದ. ಟಣ್ ಅಂತು. ಆಮೇಲೇನು ಮಾಡಿದನೋ ಕತ್ತಲಲ್ಲಿ ಕಾಣಲಿಲ್ಲ."

"ನೀನೇನಪ್ಪ ಹೇಳುತ್ತೀ?" ಎಂದು ಕಮಲಾಕ್ಷಮ್ಮ ಚಂದ್ರನಾಥನನ್ನು ಕೇಳಿದರು.

"ದ್ಯಾವಯ್ಯ ಒಳ್ಳೆಯವನು. ಆದರೆ ಅವನು ಅದನ್ನು ನನ್ನ ಕೈಗೆ ಕೊಡಲಿಲ್ಲ" ಎಂದು ಚಂದ್ರನಾಥ ನೆಲ ನೋಡಿದ.

ಬೀಗ ತೆಗೆಸಿ ದ್ಯಾವಯ್ಯನನ್ನು ಕರೆತಂದರು. ಅರವತ್ತು ದಾಟಿದವನು. ಮಣ್ಣು ತುಳಿದು ತುಳಿದು ಬಿರಿದ ಕಾಲು. ಕಮಲಾಕ್ಷಮ್ಮ ಎಷ್ಟು ಕೇಳಿದರೂ ಒಂದೇ ಉತ್ತರ: "ಇಟ್ಬುಟ್ಟೆ ಕಣವ್ವ. ಇನ್ನೇನೂ ನನ್ನ ಕೇಳ್ಬೇಡಿ."

ಪುಟ್ಟತಾಯಮ್ಮ ಗಂಡನ ತೋಳು ಹಿಡಿದು ಅಲುಗಾಡಿಸಿದಳು. "ಬಾಯ್ ಬುಡು, ನನ್ನೊಡೆಯ. ಜೈಲ್ಗಾಕ್ತಾರೆ!" ಅವನು ಅವಳ ಕೈಯನ್ನು ಮೃದುವಾಗಿ ಬಿಡಿಸಿಕೊಂಡ.

"ಚಂದ್ರನಾಥ, ನಿನ್ನೆ ತೋರಿಸಿದ್ದನ್ನೆಲ್ಲ ಇನ್ನೊಂದು ಸಲ ತೋರಿಸು" ಎಂದರು ಕಮಲಾಕ್ಷಮ್ಮ. "ಎಲ್ಲರೂ ನಿನ್ನೆ ಕೂತ ಕಡೆಯೇ ಕೂತುಕೊಳ್ಳಿ. ಮುಖದ ಬದಲು ಈ ಚೊಂಬು ಇರಲಿ."

ಕಂಬಳಿಗಳನ್ನು ಎಳೆದರು. ಮಧ್ಯಾಹ್ನದ ಬಿಸಿಲು ಹೊರಗೇ ನಿಂತಿತು. ಯಂತ್ರದೊಳಗೆ ದೀಪ ಹತ್ತಿ ಗೋಡೆಯ ಮೇಲೆ ದುಂಡನೆಯ ಬೆಳಕು ಬಿತ್ತು. ಬೆಳಕಿನೊಳಕ್ಕೆ ಹಸಿರು ಬಂತು.

ಕತ್ತಲಲ್ಲಿ ಚಂದ್ರನಾಥನ ದನಿ ಬೇರೆಯೇ ಆಯಿತು. "ಹೇಸರಗತ್ತೆಯ ಮೇಲೆ ಎರಡು ದಿನದ ದಾರಿ. ಮರಗಳಿಗೆ ನಮ್ಮ ಮೆಣಸಿನ ಬಳ್ಳಿಯ ಹಾಗೆ ಒಂದು ಬಳ್ಳಿ ಹಬ್ಬಿರುತ್ತೆ. ಅದರ ಕೋಡನ್ನು ಒಣಗಿಸಿದರೆ ಏನು ಪರಿಮಳ ಅಂತೀರಿ! ಕಾಯಿಸಿದ ಹಾಲಿಗೆ ಹೂವು ಹಾಕಿದ ಹಾಗೆ. ಊರೊಳಗೆ ಹೋದರೆ ಗಾಳಿಯೇ ಸಿಹಿ. ಆ ಬಳ್ಳಿ ಬೆಳೆಯುವ ಜನ ತೊತೊನಾಕರು. ಅವರಲ್ಲೊಬ್ಬ ಮುದುಕ ನನ್ನನ್ನು ಕೈಹಿಡಿದು ಕಾಡಿನೊಳಗೆ ಕರೆದುಕೊಂಡು ಹೋದ."

ಗೋಡೆಯ ಮೇಲೆ ಇನ್ನೊಂದು ಚಿತ್ರ ಅರಳಿತು. ಬೇರುಗಳ ನಡುವೆ ಬೂದು ಕಲ್ಲಿನ ಕಟ್ಟಡ. ಅಂತಸ್ತಿನ ಮೇಲೆ ಅಂತಸ್ತು, ಮೇಲೆ ಹೋದಂತೆ ಚಿಕ್ಕದಾಗುವ ಏಳು ಅಂತಸ್ತು. ಪ್ರತಿಯೊಂದರ ಸುತ್ತಲೂ ದೀಪ ಇಡುವ ಗೂಡಿನಂಥ ಚೌಕ ಗೂಡುಗಳು.

"ಊರ ಹೆಸರು ತಹೀನ್. ಸಿಡಿಲು ಅಂತ ಅರ್ಥವಂತೆ. ಮಳೆಗಾಲದಲ್ಲಿ ಹನ್ನೆರಡು ಜನ ಮುದುಕರು ಈ ಪಾಳಿನಲ್ಲಿ ಕೂತು ಸಿಡಿಲು ಮಾಡುತ್ತಾರೆ ಅಂತ ಅಲ್ಲಿನವರ ನಂಬಿಕೆ. ವರ್ಷಕ್ಕೆ ಎಷ್ಟು ದಿನವೋ ಅಷ್ಟು ಗೂಡುಗಳಂತೆ. ನಾನು ಎಣಿಸುತ್ತ ಸುತ್ತು ಬಂದೆ. ಪ್ರತಿ ಸಲವೂ ನಡುವೆ ಎಲ್ಲೋ ಎಣಿಕೆ ತಪ್ಪುತ್ತಿತ್ತು. ಬೆಳಗ್ಗೆ ಗೂಡಿನೊಳಗೆ ನೆರಳು ಒಂದು ಕಡೆ ಮಲಗಿರುತ್ತೆ. ಸಂಜೆ ಎದ್ದು ಇನ್ನೊಂದು ಕಡೆಗೆ ಹೋಗುತ್ತೆ. ಕಳೆದುಹೋದ ದಿನಗಳೆಲ್ಲ ಅಲ್ಲಿ ಬಂದು ಕೂತಿವೆಯೇನೋ ಅನ್ನಿಸುತ್ತಿತ್ತು."

ಚಂದ್ರಯ್ಯ ತಾನು ಯಾಕೆ ಬಂದಿದ್ದೇನೆ ಎನ್ನುವುದನ್ನೇ ಮರೆತ. ಅವನ ಹೆಂಡತಿ ರೇವಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಯುಗಾದಿಯ ಮಾರನೆಯ ದಿನ. ಆ ದಿನದ ಗೂಡು ಯಾವುದಿರಬಹುದು ಎಂದು ಅವನು ಗೋಡೆಯ ಮೇಲೆ ಹುಡುಕಿದ. ಅವಳು ನಕ್ಕ ದಿನಗಳೂ ಅಲ್ಲೇ ಇರಬೇಕಲ್ಲ ಎನ್ನಿಸಿತು. ಪಡಸಾಲೆ ನಿಶ್ಶಬ್ದವಾಗಿತ್ತು. ಒಂದು ಚಿತ್ರ ಹೋಗಿ ಇನ್ನೊಂದು ಬರುವಾಗಲೂ ಒಂದು ಚೂರು ಸದ್ದಿರಲಿಲ್ಲ. ಎತ್ತರದ ಕಂಬದ ತುದಿಯಿಂದ ನಾಲ್ಕು ಜನ ಕಾಲಿಗೆ ಹಗ್ಗ ಕಟ್ಟಿಕೊಂಡು ಗಿರಿಗಿರಿ ಸುತ್ತುತ್ತ ಹಕ್ಕಿಗಳ ಹಾಗೆ ಇಳಿದರು. ಚಂದ್ರಯ್ಯನ ಕಣ್ಣು ಯಾಕೋ ಒದ್ದೆಯಾಯಿತು. ಹೊಗೆಗೆ ಎಂದುಕೊಂಡ.

ಕೊನೆಯ ಚಿತ್ರ ಬಂತು. "ಅಲ್ಲಿ ಮಣ್ಣಿನಲ್ಲಿ ಅರ್ಧ ಹೂತ ನಗುಮೊಗಗಳು ಬಿದ್ದಿದ್ದವು. ಒಂದನ್ನು ತಂದೆ" ಎಂದು ಚಂದ್ರನಾಥ ಗಡಿಬಿಡಿಯಲ್ಲಿ ಮುಗಿಸಿದ. ಅಷ್ಟು ಹೊತ್ತು ಕನಸಿನಂತೆ ಹರಿದ ದನಿ ಅಲ್ಲಿ ಒಣಗಿ ಹೋಯಿತು.

ಚೊಂಬು ಕೈಯಿಂದ ಕೈಗೆ ದಾಟಿತು. ಅನಂತಮ್ಮ ಅದನ್ನು ದ್ಯಾವಯ್ಯನ ಮುಂದೆ ನೆಲದ ಮೇಲಿಟ್ಟರು. ದ್ಯಾವಯ್ಯ ಎತ್ತಿಕೊಂಡು, ತೆವಳಿ, ಯಂತ್ರದ ಬಲಗಡೆ ನೆಲದ ಮೇಲಿಟ್ಟು ಹಿಂದೆ ಸರಿದ.

"ಸಾಕು. ಕಂಬಳಿ ತೆಗೆಯಿರಿ" ಎಂದರು ಕಮಲಾಕ್ಷಮ್ಮ. ಬೆಳಕು ಬಂದಾಗ ಎಲ್ಲರೂ ನಿದ್ದೆಯಿಂದ ಎಬ್ಬಿಸಿದವರ ಹಾಗೆ ಕಣ್ಣುಜ್ಜಿಕೊಂಡರು.

"ಹೊತ್ತು ಮುಳುಗುವ ಮುಂಚೆ ನಿಮ್ಮ ಮನೆಯಲ್ಲಿ ಊಟ ಮುಗಿಯಬೇಕಲ್ಲ ಆದಿರಾಜಯ್ಯನವರೇ. ಅದಕ್ಕೆ ಮೊದಲೇ ಇದನ್ನೂ ಮುಗಿಸೋಣ. ಎಲ್ಲರೂ ಇಲ್ಲೇ ಇರಿ."

"ಮೇಷ್ಟ್ರೇ ಅಲ್ವರವ್ವ?" ಎಂದು ಚಂದ್ರಯ್ಯ ಪಿಸುಗುಟ್ಟಿದ. ಕಮಲಾಕ್ಷಮ್ಮ ಅವನ ಕಡೆ ತಿರುಗಲೂ ಇಲ್ಲ.

"ಮುಖ ದ್ಯಾವಯ್ಯನ ತನಕ ಬಂದದ್ದು ನಿಜ. ತಟ್ಟಿದ ಸದ್ದನ್ನು ಅನಂತಮ್ಮ ಕೇಳಿದ್ದಾರೆ. ಆಮೇಲೆ ಇಲ್ಲಿಂದ ಯಾರೂ ಹೊರಗೆ ಹೋಗಿಲ್ಲ. ಹಾಗಾದರೆ ಅದು ಈ ಪಡಸಾಲೆಯಲ್ಲೇ ಉಳಿಯಿತು. ದ್ಯಾವಯ್ಯ ಕೊಡಲಿಲ್ಲ ಅಂತ ಚಂದ್ರನಾಥ ಹೇಳಿದ. ಆದರೆ ದ್ಯಾವಯ್ಯ ನಿಮ್ಮ ಮನೆಯವರ ಕೈಗೆ ಯಾವತ್ತಾದರೂ ಏನಾದರೂ ಕೊಟ್ಟಿದ್ದಾನಾ? ಮಡಕೆ ತಂದರೂ ಜಗುಲಿಯ ಮೇಲಿಟ್ಟು ಹಿಂದೆ ಸರಿಯುತ್ತಾನೆ. ನೀವೂ ಅವನಿಗೆ ಇಡುವುದೇ ಹಾಗೆ. ಈಗ ಚೊಂಬು ಇಟ್ಟದ್ದನ್ನು ನೋಡಿದಿರಲ್ಲ. ನಿನ್ನೆಯೂ ಅಲ್ಲೇ ಇಟ್ಟ."

ಆದಿರಾಜಯ್ಯನವರ ಹುಬ್ಬು ಗಂಟಾಯಿತು. "ಅಂದರೆ?"

"ಮೇಷ್ಟ್ರೇ, ನಿನ್ನೆ ಗಾಜುಗಳನ್ನು ಪೆಟ್ಟಿಗೆಗೆ ಇಡುವ ಟಕ್ ಟಕ್ ಸದ್ದಿಗೆ ತೂಕಡಿಕೆ ಬಂತು ಅಂದಿರಿ. ಇವತ್ತು ಬಂತಾ?"

ಮೇಷ್ಟರು ತಲೆ ಕೆರೆದುಕೊಂಡರು. "ಇಲ್ಲ. ಇವತ್ತು ಸದ್ದೇ ಇರಲಿಲ್ಲ."

"ಇವತ್ತು ಗಾಜುಗಳು ಅವನ ಪಕ್ಕದಲ್ಲಿ ಹಾಸಿದ ಟವೆಲಿನಿಂದ ಬಂದು ಅದೇ ಟವೆಲಿಗೆ ಹೋದವು. ಪೆಟ್ಟಿಗೆ ಮುಚ್ಚಿಕೊಂಡು ಅವನ ಕಾಲಡಿ ಇದೆ. ಅದರಲ್ಲಿ ಗಾಜಿಗೆ ಜಾಗ ಇಲ್ಲ. ನೀವು ಮೂಲೆ ಮೂಲೆ ಹುಡುಕಿದಿರಿ. ಕಳೆದುಕೊಂಡವನ ಪೆಟ್ಟಿಗೆಯನ್ನು ಯಾರಪ್ಪ ಹುಡುಕುತ್ತಾರೆ?"

ಎಲ್ಲರೂ ಚಂದ್ರನಾಥನತ್ತ ತಿರುಗಿದರು. ಅವನು ಬಗ್ಗಿ ಪೆಟ್ಟಿಗೆ ತೆರೆದ. ಹುಲ್ಲಿನ ನಡುವಿನಿಂದ ಅರ್ಧ ತೆಂಗಿನಕಾಯಿಯಷ್ಟು ದೊಡ್ಡ ಕೆಂಪು ಮುಖವೊಂದು ಬಾಯ್ತುಂಬ ನಗುತ್ತ ಹೊರಗೆ ಬಂತು. ಪುಟ್ಟತಾಯಮ್ಮ ನೆಲಕ್ಕೆ ಕೂತು ಗಟ್ಟಿಯಾಗಿ ಅತ್ತುಬಿಟ್ಟಳು.

"ನಿನ್ನ ವಸ್ತು ನೀನೇ ಬಚ್ಚಿಟ್ಟುಕೊಂಡು ಈ ಮುದುಕನ ಮೇಲೆ ಹೊರಿಸಿದೆಯಾ?" ಆದಿರಾಜಯ್ಯ ಗುಡುಗಿದರು. "ಯಾಕೋ?"

"ಅದನ್ನೂ ಹೇಳುತ್ತೀನಿ" ಎಂದರು ಕಮಲಾಕ್ಷಮ್ಮ. "ಬಂದ ಕೂಡಲೇ ಒಂದು ನೋಡಿದೆ. ಪಕ್ಕದ ಮನೆಯ ನುಗ್ಗೆಕಾಯಿ ಈ ಅಂಗಳಕ್ಕೆ ಬಿದ್ದರೂ ಇವನು ಎತ್ತಿಕೊಳ್ಳಲಿಲ್ಲ. ನಿಮ್ಮ ಜೈನರಲ್ಲಿ ವ್ರತ ಇದೆಯಲ್ಲ, ಕೊಡದೆ ಇದ್ದದ್ದನ್ನು ಮುಟ್ಟಬಾರದು, ಬಿದ್ದದ್ದಾದರೂ, ಯಾರೋ ಮರೆತದ್ದಾದರೂ. ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಇವನು ನಡೆಸುತ್ತಾನೆ. ಇಂಥವನು ಪರದೇಶದ ಪಾಳಿನಲ್ಲಿ ಬಿದ್ದ ಮುಖವನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾನಾ? ಆ ಮಾತು ಹೇಳುವಾಗ ಮಾತ್ರ ದನಿ ಒಣಗಿತು, ಕೇಳಿದಿರಲ್ಲ. ಅಲ್ಲಿಂದ ತರಲಿಲ್ಲ ಅಂದರೆ ಇಲ್ಲೇ ಆಗಿರಬೇಕು. ಆವಿಗೆಯ ಹತ್ತಿರ ಮಡಕೆ ಬೇಯುವ ತನಕ ಕೂತಿರುತ್ತಿದ್ದ ಅಂತ ಪುಟ್ಟತಾಯಮ್ಮ ಬೆಳಗ್ಗೆಯೇ ಹೇಳಿದಳು. ನಿಮ್ಮ ಬಾಯಿ ಮುಚ್ಚಿಸುವುದಕ್ಕೆ ಒಂದು ಸಾಕ್ಷಿ ಬೇಕಿತ್ತು, ಮಾಡಿಕೊಂಡ. ಮನೆಯವರಿಗೆ ತೋರಿಸಿ ಸುಮ್ಮನಿರೋಣ ಅಂದುಕೊಂಡಿದ್ದ. ಅಷ್ಟರಲ್ಲಿ ಮೈಸೂರಿನ ಪಂಡಿತರು ಬರುತ್ತೇನೆ ಅಂದುಬಿಟ್ಟರು. ನಿನ್ನೆ ಕತ್ತಲಲ್ಲಿ ದ್ಯಾವಯ್ಯ ಟಣ್ ಅಂತ ತಟ್ಟಿದ. ಕುಂಬಾರನ ಕಿವಿಗೆ ಸಿಕ್ಕಿಬಿದ್ದೆ ಅಂತ ಇವನು ಹೆದರಿದ. ಕೈಗೆ ಸಿಕ್ಕ ಪೆಟ್ಟಿಗೆಗೆ ತುರುಕಿದ, ಗಾಜುಗಳನ್ನು ಆಮೇಲೆ ಹೊರಗೆ ತೆಗೆದ. ಅಲ್ಲವೇನಪ್ಪ?"

"ಒಡೆದು ಹಾಕೋಣ ಅಂತಲೂ ಇದ್ದೆ" ಎಂದ ಚಂದ್ರನಾಥ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನನ್ನನ್ನು ಕೈಹಿಡಿದು ಕರೆದುಕೊಂಡು ಹೋದ ಮುದುಕನ ನಗು ಇದು. ಒಡೆಯಲು ಕೈ ಬರಲಿಲ್ಲ. ಬೆಳಗ್ಗೆ ಹೇಳೋಣ, ಮಧ್ಯಾಹ್ನ ಹೇಳೋಣ ಅಂತ ಹೇಡಿಯ ಹಾಗೆ ಕೂತೆ. ದ್ಯಾವಯ್ಯ, ನಾನು ನಿನಗೆ ಮಾಡಿದ್ದು ಕಳ್ಳತನಕ್ಕಿಂತ ಕೆಟ್ಟದ್ದು."

ಆದಿರಾಜಯ್ಯ ತಮ್ಮನನ್ನೇ ದಿಟ್ಟಿಸುತ್ತಿದ್ದರು. ಸಿಟ್ಟು ಎಲ್ಲೋ ಅರ್ಧ ದಾರಿಯಲ್ಲಿ ನಿಂತಂತಿತ್ತು.

"ನಾಲ್ಕು ವರ್ಷ ಅಲ್ಲಿದ್ದೆ ಅಂತೀಯ. ಒಂದು ಕಲ್ಲಿನ ಚೂರೂ ತರಲಿಲ್ಲವೇನೋ?"

"ಯಾರನ್ನ ಕೇಳಲಿ ಅಣ್ಣಯ್ಯ? ಅದನ್ನ ಮಾಡಿದವರು ಯಾವತ್ತೋ ಹೋಗಿಬಿಟ್ಟಿದ್ದಾರೆ. ಕೊಡುವವರೇ ಇಲ್ಲ."

ಅನಂತಮ್ಮ ಮಗನ ತಲೆಯ ಮೇಲೆ ಕೈಯಿಟ್ಟರು. ಆದಿರಾಜಯ್ಯ, "ಹಾಗಾದರೆ ನೀನು ಹೋಗಿದ್ದು ನಿಜ ಕಣೋ" ಎಂದರು. ವರ್ಷವೆಲ್ಲ ಚಿತ್ರ ತೋರಿಸಿದರೂ ಬಾರದ ನಂಬಿಕೆ ತಮ್ಮನ ಬರಿಗೈ ನೋಡಿ ಬಂದಿತ್ತು. ಬ್ರಹ್ಮದೇವ ಮೇಷ್ಟರ ಮೀಸೆಯಡಿಯ ನಗು ಮಾಯವಾಗಿತ್ತು.

ಆದಿರಾಜಯ್ಯ ತಮ್ಮ ಜಾಗದಿಂದ ಎದ್ದು ಹೊಸಲಿನ ತನಕ ನಡೆದು, ದ್ಯಾವಯ್ಯನ ಎದುರು ನೆಲದ ಮೇಲೇ ಕೂತರು. ಆ ಮನೆಯ ಯಜಮಾನರು ಅಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

"ತಪ್ಪಾಯ್ತು ದ್ಯಾವಯ್ಯ. ತಟ್ಟಿದಾಗಲೇ ನಿನಗೆ ಗೊತ್ತಾಯಿತು, ಅಲ್ಲವಾ?"

"ಗೊತ್ತಾಗ್ದೆ ಇದ್ದಾತಾ ಬುದ್ದಿ. ನಮ್ಮ ಕೆರೆ ಮಣ್ಣು. ನನ್ನ ಆವ್ಗೇಲೇ ಬೆಂದದ್ದು."

"ಮತ್ತೆ ಇಡೀ ದಿನ ಕತ್ತಲ ಉಗ್ರಾಣದಲ್ಲಿ ಕೂತೆ. ಹೆಂಡತಿ ಗೋಳಾಡಿದಳು. ಜೈಲಿಗೂ ಹೋಗೋಕೆ ನಿಂತೆ. ಒಂದು ಮಾತು ಹೇಳಬಾರದಿತ್ತಾ?"

ದ್ಯಾವಯ್ಯ ಚಂದ್ರನಾಥನ ಕಡೆ ನೋಡಿದ.

"ಏಳಿದ್ರೆ ನೀವು ಇವ್ರು ಓಗೇ ಇಲ್ಲ ಅಂದ್ಬುಡೋರು ಬುದ್ದಿ. ಇವ್ರು ಓಗಿದ್ರು. ಮಣ್ಣು ನಮ್ದೇ, ಬೆಂಕೀನೂ ನಮ್ದೇ. ಆ ನಗು ನಮ್ಮೂರ್ದಲ್ಲ. ಕಣ್ಣಾರೆ ಕಾಣ್ದೋರ್ ಕೈಗೆ ಅದು ಬರಾಕಿಲ್ಲ."